ಒಳಗೂ ಹೊರಗೂ ಒಂದಾಗೋ ಮನೆ: ತೊಟ್ಟಿ, ಸ್ಕೈಲೈಟು, ಗ್ಲಾಸ್ ಡೋರು, ಜಗಲಿ, ನಮ್ಮ ಬೆಂಗಳೂರಿಗೆ ಯಾವ್ದು ಸರಿಹೋಗತ್ತೆ?

ಮನೆ ಕಟ್ಟಿಸೋರು ಈಗ ಆರ್ಕಿಟೆಕ್ಟ್ ಹತ್ರ ಹೋಗೋವಾಗ ಫೋನಲ್ಲಿ ಐವತ್ತು ಫೋಟೋ ಇಟ್ಕೊಂಡೇ ಹೋಗ್ತಾರೆ, ನಾವೂ ಹಂಗೇ ಹೋಗಿದ್ವಿ. ಹಾಲ್‌ದು ಒಂದಿಡೀ ಗೋಡೆ ಗ್ಲಾಸು, ಅದನ್ನ ಸರಿಸಿದ್ರೆ ಒಳಗಿನ ಟೈಲ್ಸೇ ಹೊರಗಿನ ತನಕ ಹೋಗಿರತ್ತೆ, ಆಮೇಲೆ ಹುಲ್ಲು, ಆಮೇಲೆ ಒಂದು ಮರ, ಮನೆ ಎಲ್ಲಿ ಮುಗೀತು ತೋಟ ಎಲ್ಲಿ ಶುರುವಾಯ್ತು ಗೊತ್ತೇ ಆಗಲ್ಲ. ನೋಡೋಕೆ ನಿಜವಾಗ್ಲೂ ಚಂದ. ಆದ್ರೆ ಆ ಫೋಟೋ ಯಾವ ಊರಿಂದು ಅಂತ ಮೊದ್ಲು ನೋಡ್ಬೇಕು. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆ ಪೂರ್ತಿ ಮಳೆನೇ ಇರಲ್ಲ, ಮಳೆ ಬರೋದು ಚಳಿಗಾಲದಲ್ಲಿ, ಆವಾಗ ಹೆಂಗೂ ಬಾಗಿಲು ಹಾಕಿರ್ತಾರೆ. ಶ್ರೀಲಂಕಾದ ಫೋಟೋ ಆದ್ರೆ ಅಲ್ಲಿ ಮಳೆ ನಮಗಿಂತ ಎಷ್ಟೋ ಜಾಸ್ತಿ, ಕೊಲಂಬೋದಲ್ಲಿ ವರ್ಷಕ್ಕೆ 2400 ಮಿಲಿಮೀಟರ್ ಹತ್ತಿರ, ಆದ್ರೆ ಆ ಫೋಟೋದಲ್ಲಿ ಸೂರು ಎಷ್ಟು ಮುಂದೆ ಬಂದಿದೆ ಅಂತ ಗಮನಿಸಿ, ಅಲ್ಲಿ ಮನೆ ತೆರೆದಿಡೋಕೆ ಸಾಧ್ಯ ಆಗಿರೋದೇ ಆ ಸೂರಿಂದ.

ನಮ್ಮೂರಿನ ಲೆಕ್ಕ ಬೇರೆ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೀವಿ, ಏಪ್ರಿಲ್‌ನಲ್ಲಿ 34 ಡಿಗ್ರಿ ಆಸುಪಾಸು ಹೋಗತ್ತೆ, ಜನವರಿ ರಾತ್ರಿ 15–16ಕ್ಕೆ ಇಳಿಯತ್ತೆ, ಮಳೆ ವರ್ಷಕ್ಕೆ 970 ಮಿಲಿಮೀಟರ್ ಹತ್ರ, ಅದ್ರಲ್ಲಿ ಜೋರು ಸೆಪ್ಟೆಂಬರ್ ಅಕ್ಟೋಬರ್‌ದು. ಅಂದ್ರೆ ವರ್ಷದಲ್ಲಿ ಬಹುಪಾಲು ದಿನ ಕಿಟಕಿ ಬಾಗಿಲು ತೆಗೆದಿಟ್ಕೊಂಡು ಬದುಕೋಕಾಗೋ ಊರು ಇದು, ಈ ಭಾಗ್ಯ ಚೆನ್ನೈಗೂ ಇಲ್ಲ ದೆಹಲಿಗೂ ಇಲ್ಲ. ನಮ್ಮನ್ನ ಬಾಗಿಲು ಹಾಕೋ ಹಾಗೆ ಮಾಡೋದು ಮೂರೇ ಮೂರು: ಬೇಸಿಗೆ ಮಧ್ಯಾಹ್ನದ ಪಶ್ಚಿಮದ ಬಿಸಿಲು, ಗಾಳಿ ಜೊತೆ ಅಡ್ಡಡ್ಡ ಹೊಡೆಯೋ ಎರಚಲು, ಸಂಜೆ ಆರರ ಸೊಳ್ಳೆ. ನೀವು ಯಾವ ಥರ ಮನೆ ಆರಿಸ್ಕೊಂಡ್ರೂ ಈ ಮೂರಕ್ಕೆ ಅದು ಏನು ಉತ್ತರ ಕೊಡತ್ತೆ ಅನ್ನೋದನ್ನೇ ನೋಡಿ. ನಾನೂ ಕೆಳಗೆ ಅದೇ ಲೆಕ್ಕದಲ್ಲೇ ಬರ್ದಿದೀನಿ. ನಮ್ದು ಬನಶಂಕರಿ 6ನೇ ಹಂತದಲ್ಲಿ 30x40 ಸೈಟು, ಪೂರ್ವ ದಿಕ್ಕು, ನಾಲ್ಕು ವರ್ಷ ಆಯ್ತು ಒಕ್ಕಲಾಗಿ. ಅಕ್ಕನ ಮನೆ ಸ್ಕೈಲೈಟ್‌ದು, ಅಂದ್ರೆ ಬೆಳಕಿಗೆ ಅಂತ ಛಾವಣಿಗೇ ಗ್ಲಾಸ್ ಹಾಕಿರೋದು, ಸ್ನೇಹಿತ ಒಬ್ಬರದು ಸರ್ಜಾಪುರ ರೋಡ್ ಕಡೆ ಗ್ಲಾಸ್ ಗೋಡೆ ವಿಲ್ಲಾ, ಅಜ್ಜಿ ಮನೆ ಮಂಡ್ಯ ಕಡೆ ಹಳೇ ತೊಟ್ಟಿ ಮನೆ, ಹಾಗಾಗಿ ನಾಲ್ಕರಲ್ಲೂ ಇದ್ದು ನೋಡಿದ್ದೀನಿ.

ಮೊದ್ಲು ಗ್ಲಾಸ್ ಡೋರ್ ವಿಷಯ ಮುಗಿಸ್ಬಿಡ್ತೀನಿ, ಯಾಕಂದ್ರೆ ಎಲ್ಲರೂ ಕೇಳೋದು ಅದೇ. ಸ್ಲೈಡಿಂಗ್ ಆಗ್ಲಿ ಫೋಲ್ಡಿಂಗ್ ಆಗ್ಲಿ, 10–12 ಅಡಿ ಅಗಲಕ್ಕೆ ತೆಗೆಯೋ ಬಾಗಿಲು ತೆಗೆದಾಗ ಸಿಗೋ ಖುಷಿ ಬೇರೆ ಯಾವುದರಲ್ಲೂ ಸಿಗಲ್ಲ, ಅದು ನಿಜ. ಆದ್ರೆ ಅದು ಯಾವ ದಿಕ್ಕಿಗಿದೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಪಶ್ಚಿಮಕ್ಕೆ ಹಾಕಿಸ್ಬೇಡಿ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನ 4 ಗಂಟೆಗೆ ನಮ್ಮೂರಲ್ಲಿ ಸೂರ್ಯ ದಿಗಂತದಿಂದ ಸುಮಾರು 36 ಡಿಗ್ರಿ ಎತ್ತರದಲ್ಲಿರ್ತಾನೆ, 5 ಗಂಟೆಗೆ 22ಕ್ಕೆ ಇಳಿದಿರ್ತಾನೆ. ಬಾಗಿಲ ಮೇಲೆ ಹೊರಕ್ಕೆ ಚಾಚಿರೋ ಮಾಮೂಲಿ 2 ಅಡಿ ಸಜ್ಜಾ ಇದ್ರೆ 4 ಗಂಟೆಗೆ ಅದರ ನೆರಳು ಗ್ಲಾಸ್ ಮೇಲೆ ಬರೀ ಒಂದೂವರೆ ಅಡಿ ಬೀಳತ್ತೆ, 5 ಗಂಟೆಗೆ ಒಂದಡಿನೂ ಇಲ್ಲ, ಮಿಕ್ಕಿದ್ದೆಲ್ಲಾ ಬಿಸಿಲು ಸೀದಾ ಹಾಲ್ ಒಳಗೆ. ಗ್ಲಾಸ್ ಮೂಲಕ ಬಿಸಿಲು ಒಳಗೆ ಬಂದು ನೆಲ ಸೋಫಾ ಎಲ್ಲಾ ಕಾಯಿಸತ್ತೆ, ಹಾಗೆ ಕಾದ ನೆಲ ಬಿಡೋ ಶಾಖ ಅದೇ ಗ್ಲಾಸ್ ಮೂಲಕ ವಾಪಸ್ ಹೊರಗೆ ಹೋಗಲ್ಲ, ಕಾರ್ ಬಿಸಿಲಲ್ಲಿ ನಿಲ್ಲಿಸಿ ಬಂದು ಬಾಗಿಲು ತೆಗೆದ ಹಾಗೆ. ಸ್ನೇಹಿತರ ಮನೇಲಿ ಆಗಿದ್ದು ಇದೇ, 14 ಅಡಿ ಗ್ಲಾಸು ಪಶ್ಚಿಮಕ್ಕೆ, ಮಾರ್ಚ್‌ನಿಂದ ಮೇ ತನಕ ಮಧ್ಯಾಹ್ನ ಮೂರಕ್ಕೆ ದಪ್ಪ ಕರ್ಟನ್ ಎಳೆದು ಎಸಿ ಹಾಕ್ತಾರೆ, ಅಷ್ಟು ದುಡ್ಡು ಕೊಟ್ಟು ತೋಟ ನೋಡೋಕೆ ಅಂತ ಮಾಡಿಸಿದ್ದು, ಆ ಹೊತ್ತಲ್ಲಿ ತೋಟನೇ ಕಾಣಲ್ಲ.

ಉತ್ತರಕ್ಕಿಟ್ರೆ ಬಿಸಿಲೇ ಬರಲ್ಲ ಅಂತ ಕೆಲವರು ಹೇಳ್ತಾರೆ, ಅದೂ ಪೂರ್ತಿ ಸರಿ ಇಲ್ಲ. ಝೀರೋ ಶ್ಯಾಡೋ ಡೇ, ಅಂದ್ರೆ ಮಧ್ಯಾಹ್ನ ನೆರಳು ಪಕ್ಕಕ್ಕೆ ಬೀಳದ ದಿನ, ಕೇಳಿರ್ತೀರ, ಏಪ್ರಿಲ್ 24ರ ಹೊತ್ತಿಗೆ ಒಂದ್ಸಲ ಆಗಸ್ಟ್ 18ರ ಹೊತ್ತಿಗೆ ಒಂದ್ಸಲ ಸೂರ್ಯ ನಮ್ಮ ನೆತ್ತಿ ಮೇಲೆ ಬರ್ತಾನೆ, ಆ ಎರಡರ ಮಧ್ಯೆ ಮಧ್ಯಾಹ್ನದ ಸೂರ್ಯ ಇರೋದು ನಮ್ಮ ಉತ್ತರಕ್ಕೇ. ಆದ್ರೆ ಅಷ್ಟು ಎತ್ತರದಲ್ಲಿರೋದ್ರಿಂದ ಎರಡಡಿ ಸಜ್ಜಾನೇ ಸಾಕಾಗತ್ತೆ, ಮೇಲಾಗಿ ಜೂನ್ ಜುಲೈ ಮೋಡದ ತಿಂಗಳು. ದಕ್ಷಿಣಕ್ಕೆ 3 ಅಡಿ ಸಜ್ಜಾ ಕೊಟ್ರೆ ಡಿಸೆಂಬರ್ ಮಧ್ಯಾಹ್ನ 7 ಅಡಿ ಬಾಗಿಲಲ್ಲಿ ಮೇಲಿನ ನಾಲ್ಕಡಿಗೆ ನೆರಳು, ಕೆಳಗಿನ ಮೂರಡಿಗೆ ಎಳೆ ಬಿಸಿಲು, ಚಳಿಲಿ ಅದು ಬೇಕೂ ಬೇಕು. ಪೂರ್ವ ಬೆಳಗ್ಗೆ ಬಿಸಿಲಿಗೆ ಚೆನ್ನಾಗಿದೆ. ಹಾಗಾಗಿ ಗ್ಲಾಸ್ ಬೇಕೇ ಬೇಕು ಅನ್ನೋರು ಉತ್ತರ, ದಕ್ಷಿಣ, ಪೂರ್ವ ನೋಡ್ಕೊಳ್ಳಿ.

ಇನ್ನೊಂದು, ಒಳಗೆ ಹೊರಗೆ ಒಂದೇ ಲೆವೆಲ್ ಬೇಕು ಅಂತ ಹಠ ಹಿಡೀತೀವಲ್ಲ, ಅಲ್ಲೇ ನೀರು ಒಳಗೆ ಬರೋದು. ಹೊರಗಿನ ನೆಲ ಅರ್ಧದಿಂದ ಒಂದಿಂಚು ಕೆಳಗಿರ್ಲಿ, 10 ಅಡಿಗೆ ಒಂದೂವರೆ ಇಂಚಿನ ಲೆಕ್ಕದಲ್ಲಿ ಸ್ಲೋಪು ಮನೆಯಿಂದ ಆಚೆಗೆ ಇರ್ಲಿ, ಬಾಗಿಲ ಅಂಚಿಗೇ ಉದ್ದಕ್ಕೂ ಜಾಲರಿ ಮುಚ್ಚಿದ ಚಿಕ್ಕ ಕಾಲುವೆ ಇರ್ಲಿ. ಸ್ಲೋಪನ್ನ ಟೈಲ್ಸ್ ಹಾಕೋಕೆ ಮುಂಚೆ ಒಂದು ಬಕೆಟ್ ನೀರು ಸುರಿದು ನೋಡಿ, ಮೇಸ್ತ್ರಿ ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ. ಒಳಗಿನ ಪಾಲಿಶ್ಡ್ ವಿಟ್ರಿಫೈಡ್ ಟೈಲ್ಸನ್ನೇ ಹೊರಗೂ ಹಾಕಿದ್ರೆ ಮಳೆಲಿ ಕಾಲು ಜಾರತ್ತೆ, ಮನೇಲಿ ವಯಸ್ಸಾದವರಿದ್ರೆ ಅದು ಬೇಡವೇ ಬೇಡ. ಒಂದೇ ಥರ ಕಾಣ್ಬೇಕಂದ್ರೆ ಉಲ್ಟಾ ಮಾಡಿ, ಹೊರಗೆ ಹಾಕೋ ಒರಟು ಕಲ್ಲನ್ನ ಒಳಗೂ ತನ್ನಿ, ಕೋಟಾ ಕಲ್ಲು ಒಳಗೆ ಪಾಲಿಶ್ ಮಾಡಿ ಹೊರಗೆ ಪಾಲಿಶ್ ಇಲ್ಲದೆ ಹಾಕಿದ್ರೆ ಬಣ್ಣ ಒಂದೇ ಇರತ್ತೆ, ಕಾಲೂ ಜಾರಲ್ಲ. ಸೊಳ್ಳೆಗೆ ಸ್ಲೈಡಿಂಗ್ ಆದ್ರೆ ಮೂರನೇ ಟ್ರ್ಯಾಕಲ್ಲಿ ಮೆಶ್ ಬಾಗಿಲು ಸೇರಿಸ್ಬಹುದು, ಫೋಲ್ಡಿಂಗ್ ಆದ್ರೆ ಮಡಚೋ ಮೆಶ್ಶೇ ಗತಿ, ಅದು ಮಕ್ಕಳ ಕೈಗೆ ಬೆಕ್ಕಿನ ಉಗುರಿಗೆ ಬೇಗ ಹರಿಯತ್ತೆ. ನನ್ನ ಕೇಳಿದ್ರೆ ಫೋಲ್ಡಿಂಗ್‌ಗಿಂತ ಸ್ಲೈಡಿಂಗೇ ಇಲ್ಲಿಗೆ ವಾಸಿ.

ಈಗ ತೊಟ್ಟಿ. ನನಗೆ ತೊಟ್ಟಿ ಅಂದ್ರೆ ಅಜ್ಜಿ ಮನೆ, ಮಧ್ಯೆ ತಗ್ಗು, ನಾಲ್ಕೂ ಕಡೆ ಕಂಬ ಇರೋ ಪಡಸಾಲೆ, ಹೆಂಚಿನ ಸೂರಿಂದ ಮಳೆ ನೀರು ನಾಲ್ಕು ಮೂಲೆಗೂ ಹಿತ್ತಾಳೆ ಹಂಡೆಗೆ ಬೀಳೋದು, ನಾವು ಮಕ್ಕಳೆಲ್ಲಾ ಅಲ್ಲೇ ನೆನೆದು ಅಜ್ಜಿ ಕೈಲಿ ಬೈಸ್ಕೊಳ್ಳೋದು. ಅದನ್ನೇ ಬೆಂಗಳೂರಿಗೆ ತರ್ಬೇಕು ಅಂತ ತುಂಬಾ ಆಸೆ ಇತ್ತು. ಮನೆ ಮಧ್ಯೆ ಆಕಾಶ ಇದ್ರೆ ಏನಾಗತ್ತೆ ಅಂದ್ರೆ, ರಾತ್ರಿ ತೊಟ್ಟಿಯ ನೆಲ ಆಕಾಶಕ್ಕೆ ಶಾಖ ಬಿಟ್ಕೊಟ್ಟು ತಣ್ಣಗಾಗತ್ತೆ, ತಣ್ಣನೆ ಗಾಳಿ ಅಲ್ಲೇ ಕೂತು ಸುತ್ತಲ ರೂಮಿಗೆ ಹರಿಯತ್ತೆ, ಹಗಲು ಬಿಸಿಗಾಳಿ ಅದರಲ್ಲೇ ಮೇಲಕ್ಕೆ ಹೋಗತ್ತೆ. ಪಕ್ಕದ ಮನೆಯವರ ಕಿಟಕಿ ಮೂರಡಿ ದೂರದಲ್ಲಿರೋ ನಮ್ಮಂಥ ಲೇಔಟ್‌ಗಳಲ್ಲಿ ಇನ್ನೊಂದು ದೊಡ್ಡ ಲಾಭ, ಯಾರ ಕಣ್ಣಿಗೂ ಬೀಳದೆ ಹೊರಗೆ ಕೂರೋಕಾಗೋ ಜಾಗ ಅದೊಂದೇ. ವಾಸ್ತು ನೋಡೋ ಮನೆಗಳಲ್ಲಿ ಮನೆಯ ನಟ್ಟನಡುವಿನ ಬ್ರಹ್ಮಸ್ಥಾನ ಖಾಲಿ ಬಿಡ್ಬೇಕು ಅಂತಾರಲ್ಲ, ಹಿರಿಯರನ್ನ ಒಪ್ಪಿಸೋಕೂ ಸುಲಭ.

ಆದ್ರೆ ಲೆಕ್ಕ ಹಾಕಿ. 30x40ರಲ್ಲಿ ಸುತ್ತ ಸೆಟ್‌ಬ್ಯಾಕ್ ಅಂತ ಖಾಲಿ ಜಾಗ ಬಿಟ್ರೆ ಕಟ್ಟೋಕೆ ಸಿಗೋದು ಸುಮಾರು 24x34, ಅದ್ರಲ್ಲಿ 10x10 ತೊಟ್ಟಿ ಅಂದ್ರೆ ಒಂದು ಬೆಡ್‌ರೂಮೇ ಹೋಯ್ತು, ಡ್ಯೂಪ್ಲೆಕ್ಸ್ ಆದ್ರೆ ಮೇಲೂ ಒಂದು ಹೋಯ್ತು. ನೀರಿನ ಲೆಕ್ಕ ಇನ್ನೂ ಮುಖ್ಯ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಲೀಟರ್, 100 ಚದರ ಅಡಿ ಅಂದ್ರೆ 9.3 ಚದರ ಮೀಟರ್, ಹಾಗಾಗಿ ಆ ತೊಟ್ಟಿಗೆ ವರ್ಷಕ್ಕೆ 9000 ಲೀಟರ್ ಹತ್ರ ಬೀಳತ್ತೆ. ಅದು ನಿಧಾನಕ್ಕೆ ಬಿದ್ರೆ ತೊಂದ್ರೆ ಇಲ್ಲ, ಆದ್ರೆ 2022ರ ಸೆಪ್ಟೆಂಬರ್ ಮೊದಲ ವಾರ ಒಂದೇ ರಾತ್ರಿಗೆ 130 ಮಿಲಿಮೀಟರ್ ದಾಟಿ ಸುರೀತಲ್ಲ, ಹೊರವರ್ತುಲ ರಸ್ತೆ ಕಡೆ ಜನ ಟ್ರ್ಯಾಕ್ಟರಲ್ಲಿ ಆಫೀಸಿಗೆ ಹೋದ್ರಲ್ಲ, ಅಂಥ ರಾತ್ರಿ ನಿಮ್ಮ ಹಾಲ್ ಮಧ್ಯಕ್ಕೆ 1200 ಲೀಟರ್ ಬಂದು ಬೀಳತ್ತೆ. ಅದಕ್ಕೇ ಪೈಪು 4 ಇಂಚಿಂದು, ಒಂದಲ್ಲ ಎರಡು, ಎರಡು ಬೇರೆ ಬೇರೆ ಮೂಲೇಲಿ, ಒಂದಕ್ಕೆ ಎಲೆ ಸಿಕ್ಕಿಹಾಕ್ಕೊಂಡ್ರೂ ಇನ್ನೊಂದು ಎಳೀಲಿ. ತೊಟ್ಟಿ ಸುತ್ತಲ ನೆಲಕ್ಕಿಂತ ಕನಿಷ್ಠ 6 ಇಂಚು ತಗ್ಗಿರ್ಲಿ. 30x40 ಹೊಸ ಮನೆಗೆ ಮಳೆನೀರು ಕೊಯ್ಲು ಹೆಂಗಿದ್ರೂ ಕಡ್ಡಾಯ, ಆ ಪೈಪನ್ನ ಇಂಗುಗುಂಡಿಗೋ ಫಿಲ್ಟರ್ ಹಾಕಿ ಸಂಪಿಗೋ ಬಿಟ್ರೆ ನೀರೂ ಉಳಿಯತ್ತೆ. ಜಯನಗರ 5ನೇ ಬ್ಲಾಕಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಹೆಸರಿನ ಮಳೆನೀರು ಕೊಯ್ಲು ಪಾರ್ಕ್ ಇದೆ, ಕಟ್ಟೋ ಮುಂಚೆ ಒಂದ್ಸಲ ಹೋಗಿ ಬನ್ನಿ.

ಮೇಲೆ ಕಬ್ಬಿಣದ ಗ್ರಿಲ್ಲು ಬೇಕೇ ಬೇಕು, ಅದಿಲ್ಲದೆ ಊರಿಗೆ ಹೋಗೋಕೆ ಧೈರ್ಯ ಬರಲ್ಲ, ಮಲ್ಲೇಶ್ವರ ಕಡೆಯವರಾದ್ರೆ ಕೋತಿಗೂ ಬೇಕು. ಗ್ರಿಲ್ ಮೇಲೆ ಪಾರಿವಾಳದ ಬಲೆ ಹಾಕ್ಸಿ. ಸೊಳ್ಳೆಗೆ ಎರಡು ದಾರಿ, ಒಂದೋ ಮೇಲೇ ಸ್ಟೀಲ್ ಮೆಶ್ ಹಾಕೋದು, ಆವಾಗ ಬೆಳಕು ಸ್ವಲ್ಪ ಕಮ್ಮಿಯಾಗತ್ತೆ, ಧೂಳು ಎಲೆ ಕೂರತ್ತೆ, ಇಲ್ಲಾ ತೊಟ್ಟಿಗೆ ತೆಗೆಯೋ ಎಲ್ಲಾ ಬಾಗಿಲಿಗೂ ಮೆಶ್. ನಮ್ಮನೇಲೂ ಒಂದು ಚಿಕ್ಕ ತೊಟ್ಟಿ ಇದೆ, ಅದಕ್ಕೆ ನಾವು ಮೊದಲನೇದು ಮಾಡಿದ್ವಿ. ತೊಟ್ಟಿಲಿ ತಾವರೆ ಕೊಳ ಅಂತ ಆಸೆ ಪಡೋರಿಗೆ ಒಂದು ಮಾತು, ಡೆಂಗ್ಯೂ ಹರಡೋ ಸೊಳ್ಳೆ ಮೊಟ್ಟೆ ಇಡೋದೇ ಇಂಥ ನಿಂತ ಶುದ್ಧ ನೀರಲ್ಲಿ, ಮೊಟ್ಟೆಯಿಂದ ಸೊಳ್ಳೆ ಆಗೋಕೆ ಏಳರಿಂದ ಹತ್ತು ದಿನ ಸಾಕು, ಅದು ಕಚ್ಚೋದೂ ಹಗಲು ಹೊತ್ತಲ್ಲೇ. ಗಪ್ಪಿ ಮೀನು ಬಿಟ್ಟು ನಿಗಾ ಇಡೋಕಾದ್ರೆ ಮಾತ್ರ ಕೊಳ.

ಗಿಡ ಅಂದ್ರೆ ಪಾರಿಜಾತ, ದೇವಕಣಗಿಲೆ, ಬಾಳೆ, ಕರಿಬೇವು ಇಂಥವು ಸಾಕು. ಆಲ ಅತ್ತಿ ಜಾತಿದು ಯಾವ್ದೂ ಬೇಡ, ಬೇರು ಪೈಪ್ ಹುಡುಕ್ಕೊಂಡು ಹೋಗತ್ತೆ.

ಇಷ್ಟೆಲ್ಲಾ ತಲೆಬೇನೆ ಯಾಕೆ, ಮೇಲೆ ಮುಚ್ಚಿಬಿಡೋಣ ಅಂತ ಬರೋದೇ ಸ್ಕೈಲೈಟು. ಅಕ್ಕ ಭಾವ ಮಾಡಿದ್ದು ಅದು. ಬೆಳಕು ಬರತ್ತೆ, ಮಳೆ ಬರಲ್ಲ, ಕಳ್ಳ ಬರಲ್ಲ, ಸೊಳ್ಳೆ ಬರಲ್ಲ, ಕೇಳೋಕೆ ಎಲ್ಲಾ ಸರಿ. ಆದ್ರೆ ಗಾಳಿನೂ ಬರಲ್ಲ! ಈಗ ಹೇಳಿದ್ನಲ್ಲ, ನೆತ್ತಿ ಮೇಲೆ ಸೂರ್ಯ ಬರೋ ಊರು ನಮ್ದು, ಅಂಥ ಕಡೆ ಛಾವಣಿಗೆ ಗ್ಲಾಸು ಅಂದ್ರೆ ಅತಿ ಹೆಚ್ಚು ಬಿಸಿಲು ಬೀಳೋ ಮುಖಕ್ಕೇ ಗ್ಲಾಸ್ ಕೊಟ್ಟ ಹಾಗೆ. ಬಿಸಿಗಾಳಿ ಮೇಲೆ ಹೋಗಿ ಅಲ್ಲೇ ಕಟ್ಕೊಂಡು ಕೂರತ್ತೆ, ಅಕ್ಕನ ಮನೇಲಿ ಮೊದಲ ಮಹಡಿ ಪ್ಯಾಸೇಜಲ್ಲಿ ಏಪ್ರಿಲ್ ಮಧ್ಯಾಹ್ನ ನಿಲ್ಲೋಕಾಗಲ್ಲ, ಅದಕ್ಕೆ ತಾಗಿರೋ ಮಕ್ಕಳ ರೂಮಂತೂ ರಾತ್ರಿ ಹನ್ನೊಂದಾದ್ರೂ ಬಿಸಿ. ಸ್ಕೈಲೈಟ್ ಮಾಡ್ಲೇಬೇಕು ಅಂದ್ರೆ ಅದನ್ನ ಮೋಲ್ಡ್‌ಗಿಂತ, ಅಂದ್ರೆ ಕಾಂಕ್ರೀಟ್ ಛಾವಣಿಗಿಂತ, ಒಂದೂವರೆ ಅಡಿ ಎತ್ತರಿಸಿ, ನಾಲ್ಕೂ ಪಕ್ಕಕ್ಕೆ ಮೆಶ್ ಇರೋ ಲೂವರ್ (ಓರೆ ಪಟ್ಟಿಗಳ ಕಿಂಡಿ) ಕೊಡಿ, ಬಿಸಿಗಾಳಿ ಹೋಗೋಕೆ ದಾರಿ ಇರತ್ತೆ, ಮೇಲಿನ ಮುಚ್ಚಳ ಸುತ್ತಲೂ ಒಂದಡಿ ಆಚೆ ಬಂದ್ರೆ ಎರಚಲೂ ಕಮ್ಮಿ. ಗ್ಲಾಸ್ ಆದ್ರೆ ಬರೀ ಟಫನ್ಡ್ ಸಾಲದು, ಒಡೆದ್ರೆ ಅದು ಸಾವಿರ ಚೂರಾಗಿ ತಲೆ ಮೇಲೆ ಬೀಳತ್ತೆ, ಮಧ್ಯೆ ಪದರ ಇರೋ ಲ್ಯಾಮಿನೇಟೆಡ್ ಗ್ಲಾಸೇ ಬೇಕು, ಒಡೆದ್ರೂ ಪದರಕ್ಕೆ ಅಂಟ್ಕೊಂಡಿರತ್ತೆ. ಪಾಲಿಕಾರ್ಬೊನೇಟ್ ಶೀಟು ಅಗ್ಗ, ಆದ್ರೆ ವರ್ಷ ಕಳೀತಿದ್ದಂಗೆ ಹಳದಿಯಾಗತ್ತೆ, ಜೋರು ಮಳೆಲಿ ಟಿವಿ ಕೇಳಲ್ಲ. ಮಟ್ಟಸವಾಗಿ ಹಾಕಿಸ್ಬೇಡಿ, ಇಳಿಜಾರು ಇಲ್ದಿದ್ರೆ ನೀರು ನಿಂತು ಸಿಲಿಕಾನ್ ಬಿಟ್ಕೊಂಡು ಸೋರೋದು ಗ್ಯಾರಂಟಿ.

ಕೊನೇದು ಜಗಲಿ. ನಾನು ಮನಸ್ಸಾರೆ ಹೇಳೋದು ಇದನ್ನೇ. ಸಿಟ್‌ಔಟ್ ಅನ್ನಿ, ವೆರಾಂಡಾ ಅನ್ನಿ, ಮೇಲೆ ಸೂರು ಇದೆ, ಒಂದು ಕಡೆ ಮನೆ ಗೋಡೆ ಇದೆ, ಮಿಕ್ಕ ಕಡೆ ತೆರೆದಿದೆ. ಒಳಗು ಹೊರಗು ಸೇರಿಸೋಕೆ ಅಂತ ನಾವು ಮಧ್ಯದ ಗೋಡೆ ತೆಳ್ಳಗೆ ಮಾಡ್ತಾ ಹೋಗ್ತೀವಿ, ಕೊನೆಗೆ ಗ್ಲಾಸಿಗೆ ಬಂದು ನಿಲ್ತೀವಿ. ನಮ್ಮ ಹಿರಿಯರು ಆ ಮಧ್ಯದ ಜಾಗನ ಆರೇಳು ಅಡಿ ಅಗಲ ಮಾಡಿ ಅದರಲ್ಲೇ ಅರ್ಧ ಬದುಕು ಬದುಕಿಬಿಟ್ರು, ಅವರೆಕಾಯಿ ಬಿಡಿಸೋದು, ಪೇಪರ್ ಓದೋದು, ಬಂದೋರಿಗೆ ಕಾಫಿ ಕೊಡೋದು, ಎಲ್ಲಾ ಅಲ್ಲೇ. 7 ಅಡಿ ಆಳದ ಜಗಲಿ ಇದ್ರೆ ಅದೇ ಏಪ್ರಿಲ್ 4 ಗಂಟೆ ಬಿಸಿಲಿಗೆ ಗೋಡೆಯ ಮೇಲಿನ 5 ಅಡಿ ನೆರಳಲ್ಲಿರತ್ತೆ, ಪಶ್ಚಿಮ ದಿಕ್ಕಲ್ಲೂ ತಡ್ಕೊಳ್ಳೋಕಾಗೋದು ಇದೊಂದೇ. ಎರಚಲು ಬಂದ್ರೂ ಮುಂದಿನ ಮೂರಡಿ ನೆನೆಯತ್ತೆ, ನೀವು ಕುರ್ಚಿ ಹಿಂದಕ್ಕೆ ಎಳ್ಕೊಂಡು ಮಳೆ ನೋಡ್ತಾ ಕೂರ್ಬಹುದು. ಆಳ ಮಾತ್ರ ಜಿಪುಣತನ ಮಾಡ್ಬೇಡಿ, 4 ಅಡಿ ಇದ್ರೆ ಚಪ್ಪಲಿ ಸ್ಟ್ಯಾಂಡ್ ಇಡೋ ಜಾಗ ಆಗ್ಬಿಡತ್ತೆ, 6 ಅಡಿ ಇದ್ರೇ ಎರಡು ಕುರ್ಚಿ ಹಾಕಿ ಮುಂದೆ ಒಬ್ರು ಓಡಾಡೋಕಾಗೋದು.

ಇದಕ್ಕೆ ಉದಾಹರಣೆ ಬೇಕಂದ್ರೆ ದೂರ ಹೋಗ್ಬೇಕಿಲ್ಲ. ಬಸವನಗುಡಿಲಿ ಉಳಿದಿರೋ ಹಳೇ ಬಂಗಲೆಗಳ ಮುಂದೆ ನಿಂತು ನೋಡಿ, ಮುಂದೆ ವೆರಾಂಡಾ, ಕಿಟಕಿ ಮೇಲೆ ಮರದ ಪಟ್ಟಿಯ ಮಂಕಿ ಟಾಪು, ಬಿಸಿಲು ತಡೆದು ಗಾಳಿ ಬಿಡತ್ತೆ. ದೊಡ್ಡ ಮಟ್ಟದಲ್ಲಿ ನೋಡ್ಬೇಕಂದ್ರೆ ಬನ್ನೇರುಘಟ್ಟ ರಸ್ತೆಯ ಐಐಎಂ. 2018ರಲ್ಲಿ ಆರ್ಕಿಟೆಕ್ಟ್‌ಗಳಿಗೆ ಕೊಡೋ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತಲ್ಲ ಬಾಲಕೃಷ್ಣ ದೋಶಿ ಅವರಿಗೆ, ಅವರದೇ ವಿನ್ಯಾಸ. ಕಲ್ಲಿನ ಗೋಡೆ ಮಧ್ಯೆ ಉದ್ದುದ್ದ ಓಣಿಗಳು, ಕೆಲವು ಕಡೆ ಪೂರ್ತಿ ಸೂರು, ಕೆಲವು ಕಡೆ ಬರೀ ತೊಲೆ ಮತ್ತೆ ಬಳ್ಳಿ, ಕೆಲವು ಕಡೆ ಏನೂ ಇಲ್ಲ. ನಡೀತಾ ಹೋದ್ರೆ ಒಳಗಿದೀವೋ ಹೊರಗಿದೀವೋ ಹೇಳೋಕಾಗಲ್ಲ, ಅಲ್ಲಿ ಈ ಕೆಲಸ ಮಾಡಿರೋದು ಗ್ಲಾಸಲ್ಲ, ನೆರಳು. ನಮ್ಮನೇಲೂ ಅದನ್ನೇ ನೆನೆಸ್ಕೊಂಡು ಜಗಲಿಯ ಒಂದು ತುದಿ ತೂತು ತೂತಿರೋ ಜಾಲಿ ಗೋಡೆ ಮಾಡಿಸಿದ್ವಿ, ಮಣ್ಣಿನ ಜಾಲಿ ಬ್ಲಾಕ್‌ದು, ಎದುರು ಮನೆಯವರಿಗೆ ನಾವು ಕಾಣಲ್ಲ, ನಮಗೆ ರಸ್ತೆ ಕಾಣತ್ತೆ, ಗಾಳಿ ಬರತ್ತೆ. ಖರ್ಚೂ ಅಷ್ಟೇ ಜಾಗಕ್ಕೆ ಹಾಕೋ ಫೋಲ್ಡಿಂಗ್ ಡೋರ್‌ಗೆ ಹೋಲಿಸಿದ್ರೆ ಏನೇನೂ ಅಲ್ಲ. ಸೊಳ್ಳೆ ಒಂದಕ್ಕೆ ಮಾತ್ರ ಜಗಲಿ ಹತ್ರ ಉತ್ತರ ಇಲ್ಲ, ಅದನ್ನ ಒಪ್ಕೋಬೇಕು, ಫ್ಯಾನ್ ಜೋರಾಗಿಟ್ರೆ ಸ್ವಲ್ಪ ವಾಸಿ, ಇಲ್ಲಾಂದ್ರೆ ಆರೂವರೆಗೆ ಒಳಗೆ.

ಟೆರೇಸನ್ನೇ ಹೊರಮನೆ ಮಾಡ್ಕೊಳ್ಳೋದೂ ಒಂದು ದಾರಿ, ಕೆಳಗೆ ಜಾಗ ಇಲ್ದೋರಿಗೆ ಒಳ್ಳೇದೇ. ಆದ್ರೆ ಹುಲ್ಲು ಹಾಸ್ತೀವಿ ಅಂತ ಒಂದಡಿ ಮಣ್ಣು ತುಂಬಿಸೋಕೆ ಮುಂಚೆ ಇಂಜಿನಿಯರ್‌ನ ಕೇಳಿ. ಓಡಾಡೋ ತಾರಸಿಗೆ ಸಾಮಾನ್ಯವಾಗಿ ಲೆಕ್ಕ ಹಾಕೋ ಭಾರ ಚದರ ಮೀಟರ್‌ಗೆ 150 ಕೆಜಿ, ಒಂದಡಿ ಒದ್ದೆ ಮಣ್ಣು 480 ಕೆಜಿ ಮೇಲೆ. ಕುಂಡಗಳನ್ನ ತೊಲೆ ಮೇಲೆ ಗೋಡೆ ಮೇಲೆ ಬರೋ ಹಾಗೆ ಅಂಚಿಗೆ ಇಡಿ. ಅಪಾರ್ಟ್‌ಮೆಂಟ್‌ನವರಿಗೆ ಬಾಲ್ಕನಿಯೇ ಜಗಲಿ, ದಯವಿಟ್ಟು ಅದನ್ನ ಗ್ಲಾಸ್ ಹಾಕಿ ಮುಚ್ಚಿ ರೂಮ್ ಮಾಡ್ಕೋಬೇಡಿ, ಇರೋ ಒಂದು ಹೊರಗೂ ಹೋಗತ್ತೆ.

ಹಂಗಾದ್ರೆ ಯಾರಿಗೆ ಯಾವ್ದು. 30x40 ಅಥವಾ ಅದಕ್ಕಿಂತ ಚಿಕ್ಕ ಸೈಟು, ಬಜೆಟ್ ಬಿಗಿ ಅಂದ್ರೆ ಎರಡು ಮಾತಿಲ್ಲದೆ ಜಗಲಿ, ದುಡ್ಡು ಉಳಿದ್ರೆ ಅದರ ಹಿಂದೆ ಎಂಟಡಿ ಸ್ಲೈಡಿಂಗ್ ಡೋರು, ಮುಂದೆ ಜಗಲಿ ಇರೋದ್ರಿಂದ ಆ ಗ್ಲಾಸಿಗೆ ಬಿಸಿಲೂ ಕಮ್ಮಿ ಎರಚಲೂ ಕಮ್ಮಿ. ಮೂರೂ ಕಡೆ ಎತ್ತರದ ಬಿಲ್ಡಿಂಗ್ ಬಂದು ಬೆಳಕೇ ಇಲ್ಲ ಅನ್ನೋರಿಗೆ ಚಿಕ್ಕದಾದ್ರೂ ತೊಟ್ಟಿ, ನಮ್ದು ಬರೀ 6x8, ಅಡಿಗೆಮನೆಗೂ ಊಟದ ಜಾಗಕ್ಕೂ ಮಧ್ಯೆ, ಅಷ್ಟಕ್ಕೇ ಹಗಲು ಲೈಟ್ ಹಾಕೋದು ನಿಂತಿದೆ. 40x60 ಇದ್ರೆ ಎರಡೂ ಮಾಡಿ. ದಿನವಿಡೀ ಮನೇಲಿ ಯಾರೂ ಇರಲ್ಲ, ಮಳೆ ಬಂದಾಗ ಬಾಗಿಲು ಹಾಕೋಕೆ ಜನ ಇಲ್ಲ ಅನ್ನೋರು ತೊಟ್ಟಿಗೂ ಫೋಲ್ಡಿಂಗ್ ಡೋರ್‌ಗೂ ಹೋಗ್ಬೇಡಿ. ಪ್ಲಾನ್ ಫೈನಲ್ ಮಾಡೋ ಮುಂಚೆ ಸೈಟಲ್ಲಿ ಬೇಸಿಗೆ ಮಧ್ಯಾಹ್ನ ನಾಲ್ಕಕ್ಕೆ ಒಂದ್ಸಲ, ಮಳೆಗಾಲದ ಸಂಜೆ ಒಂದ್ಸಲ ಅರ್ಧ ಗಂಟೆ ನಿಂತು ಬನ್ನಿ, ಎರಚಲು ಯಾವ ಕಡೆಯಿಂದ ಬರತ್ತೆ ಅಂತ ಪಕ್ಕದ ಮನೆಯ ಗೋಡೆಯ ಪಾಚಿ ನೋಡಿದ್ರೇ ಗೊತ್ತಾಗತ್ತೆ.

ಅಕ್ಕನ ಮನೆ ಸ್ಕೈಲೈಟ್ ಬಿಚ್ಚಿಸೋದು ಅಂತ ಈಗ ತೀರ್ಮಾನ ಆಗಿದೆ, ಯುಗಾದಿ ಒಳಗೆ ಒಂದೂವರೆ ಅಡಿ ಫ್ರೇಮ್ ಎತ್ತರಿಸಿ ಪಕ್ಕಕ್ಕೆ ಲೂವರ್ ಹಾಕಿಸ್ತಾರಂತೆ, ಅಳತೆ ತಗೊಳ್ಳೋಕೆ ಭಾನುವಾರ ನಾನೂ ಹೋಗ್ತಿದೀನಿ.